ಪ್ರತಿ ಚುನಾವಣೆಯಲ್ಲೂ ಸೋತ ಅಕ್ಕೋರಿಗೆ ಸಿಕ್ಕಿದ್ದೇನು?

ನಿಮ್ಮ ಪ್ರಶ್ನೆ ಹೀಗಿದೆ: ‘ನಮ್ಮ ಊರಿನ ಹಿರಿಯ ಮಹಿಳೆಯೊಬ್ಬರು ಪ್ರತಿ ಚುನಾವಣೆಗೂ ಪಕ್ಷೇತರರಾಗಿ ನಿಲ್ಲುತ್ತಾರೆ, ಪ್ರತಿ ಸಲವೂ ಠೇವಣಿ ಕಳೆದುಕೊಳ್ಳುತ್ತಾರೆ. ಇಂಥವರಿಗೆ ಇದರಿಂದ ಏನು ಸಿಗುತ್ತದೆ? ಇವರ ತಲೆ ಸರಿ ಇದೆಯೇ?’

ತಲೆಯ ವಿಚಾರ ಮೊದಲು ಹೇಳುತ್ತೇನೆ. ಹುಬ್ಬಳ್ಳಿಯ ನಮ್ಮ ಓಣಿಯಲ್ಲೂ ಅಂಥ ಒಬ್ಬರಿದ್ದರು. ನಿವೃತ್ತ ಶಾಲಾ ಶಿಕ್ಷಕಿ. ನಮ್ಮ ಕಡೆ ಶಿಕ್ಷಕಿಯರನ್ನು ಕರೆಯುವಂತೆ ಎಲ್ಲರ ಬಾಯಲ್ಲೂ ಅವರು ‘ಅಕ್ಕೋರು’. ಅವರಷ್ಟು ಲೆಕ್ಕಾಚಾರದ ಮನುಷ್ಯರನ್ನು ನಾನು ಹೆಚ್ಚು ಕಂಡಿಲ್ಲ. ಹಾಗಾಗಿ ‘ಹುಚ್ಚಿ’ ಎಂಬ ಪದ ಯಾರ ಬಾಯಿಂದ ಬಂದರೂ ನನಗೆ ಇಂದಿಗೂ ಸಿಟ್ಟು ಬರುತ್ತದೆ.

ಅವರಿಗೆ ಸಿಗುತ್ತಿದ್ದುದು ಒಂದು ಸ್ಥಾನ. ಗೆದ್ದವರಿಗೆ ಸಿಗುವಂಥದ್ದಲ್ಲ, ಅಭ್ಯರ್ಥಿಯಾದವರಿಗೆ ಸಿಗುವಂಥದ್ದು. ಸಾಮಾನ್ಯ ಪ್ರಜೆ ಸರ್ಕಾರಿ ಕಚೇರಿಯಲ್ಲಿ ಒಂದು ಕಡತ ತೋರಿಸಿ ಎಂದು ಕೇಳಿದರೆ ‘ನಾಳೆ ಬನ್ನಿ’ ಎನ್ನುತ್ತಾರೆ. ಅದೇ ವ್ಯಕ್ತಿ ಅಭ್ಯರ್ಥಿಯಾದರೆ ನಾಮಪತ್ರ ಪರಿಶೀಲನೆಯ ದಿನ ಚುನಾವಣಾಧಿಕಾರಿಯ ಮುಂದೆ ಕುರ್ಚಿ ಹಾಕಿಕೊಂಡು ಕೂರಬಹುದು. ಕಣದಲ್ಲಿರುವ ಎಲ್ಲರ ನಾಮಪತ್ರಗಳನ್ನೂ ಕೈಗೆತ್ತಿಕೊಂಡು ಓದಬಹುದು, ತಪ್ಪು ಕಂಡಲ್ಲಿ ಆಕ್ಷೇಪ ಎತ್ತಬಹುದು. ಪ್ರಜಾಪ್ರತಿನಿಧಿ ಕಾಯ್ದೆಯ 36ನೇ ಕಲಮು ಕೊಡುವ ಹಕ್ಕು ಇದು. ಮತಗಟ್ಟೆಗೆ ಏಜೆಂಟರನ್ನು ನೇಮಿಸಬಹುದು, ಎಣಿಕೆ ಕೇಂದ್ರದೊಳಗೆ ಹೋಗಬಹುದು. ಕೋಟಿಗಳ ಒಡೆಯನಿಗೂ ಪಿಂಚಣಿಯ ಮೇಲೆ ಬದುಕುವ ವಿಧವೆಗೂ ಈ ಹಕ್ಕುಗಳು ಒಂದೇ. ಅಕ್ಕೋರು ಠೇವಣಿ ಕಟ್ಟುತ್ತಿದ್ದುದು ಈ ಸ್ಥಾನಕ್ಕಾಗಿ.

ನೌಕರಿಯಲ್ಲಿದ್ದಾಗ ಅವರಿಗೆ ನಿಲ್ಲಲು ಬರುತ್ತಿರಲಿಲ್ಲ. ಸರ್ಕಾರಿ ಹುದ್ದೆಯಲ್ಲಿರುವವರಿಗೆ ಅವಕಾಶವಿಲ್ಲ. ನಿವೃತ್ತಿಯ ನಂತರ ಶುರು ಮಾಡಿದರು. ಪಾಲಿಕೆ, ವಿಧಾನಸಭೆ, ಲೋಕಸಭೆ, ಯಾವುದು ಬಂದರೂ ಸರಿ. ಮಗ ಮೊದಲು ಬೇಡಿಕೊಂಡ, ಆಮೇಲೆ ಮಾತು ಬಿಟ್ಟ. ಸೊಸೆ ಮಾತ್ರ ಅವರ ಖರ್ಚಿನ ಪುಸ್ತಕ ಬರೆದುಕೊಡುತ್ತಿದ್ದಳು.

2003ರಿಂದ ಅವರ ಪ್ರಚಾರದ ರೀತಿಯೇ ಬದಲಾಯಿತು. ಸುಪ್ರೀಂ ಕೋರ್ಟ್ ತೀರ್ಪಿನಿಂದಾಗಿ ಆ ವರ್ಷದಿಂದ ಪ್ರತಿ ಅಭ್ಯರ್ಥಿಯೂ ಆಸ್ತಿ, ಸಾಲ, ವಿದ್ಯಾರ್ಹತೆ, ತನ್ನ ಮೇಲಿರುವ ಕ್ರಿಮಿನಲ್ ಪ್ರಕರಣ ಎಲ್ಲವನ್ನೂ ಅಫಿಡವಿಟ್‌ನಲ್ಲಿ ಬರೆದುಕೊಡಬೇಕಾಯಿತು. ಅದನ್ನು ಚುನಾವಣಾಧಿಕಾರಿಯ ಕಚೇರಿಯ ಫಲಕಕ್ಕೆ ಅಂಟಿಸುತ್ತಾರೆ. ಅದರ ಮುಂದೆ ನಿಂತು ಓದುವವರು ಎಷ್ಟು ಜನ ಎಂದು ನೀವೇ ಯೋಚಿಸಿ. ಅಕ್ಕೋರು ಕನ್ನಡಕ ಏರಿಸಿ, ಇನ್ನೂರು ಪುಟದ ನೋಟ್‌ಬುಕ್ ಹಿಡಿದು ಅಷ್ಟನ್ನೂ ಬರೆದುಕೊಳ್ಳುತ್ತಿದ್ದರು. ಹೊಲ ಎಷ್ಟು ಎಕರೆ, ಬಂಗಾರ ಎಷ್ಟು ತೊಲೆ, ಹೆಂಡತಿಯ ಹೆಸರಿನಲ್ಲಿ ಎಷ್ಟು, ಯಾವ ಠಾಣೆಯಲ್ಲಿ ಯಾವ ಪ್ರಕರಣ. ಐದು ವರ್ಷದ ನಂತರ ಅದೇ ಮನುಷ್ಯ ಮತ್ತೆ ನಿಂತಾಗ ಹಳೆಯ ನೋಟ್‌ಬುಕ್ ಹೊರಗೆ ಬರುತ್ತಿತ್ತು.

ಸಂಜೆಯಾದರೆ ಓಣಿ ಓಣಿಗೆ ಹೊರಡುತ್ತಿದ್ದರು. ಇಳಕಲ್ ಸೀರೆ, ಕೈಯಲ್ಲಿ ಶಾಲೆಯ ಹಿತ್ತಾಳೆ ಗಂಟೆ, ಕಂಕುಳಲ್ಲಿ ಒಂದು ಸಣ್ಣ ಕರಿಹಲಗೆ. ಗುಡಿಯ ಕಟ್ಟೆಯ ಮೇಲಂತೂ ಏರುತ್ತಿರಲಿಲ್ಲ. ಪ್ರಾರ್ಥನಾ ಸ್ಥಳವನ್ನು ಪ್ರಚಾರಕ್ಕೆ ಬಳಸುವುದನ್ನು ನೀತಿಸಂಹಿತೆ ಒಪ್ಪುವುದಿಲ್ಲ ಎಂದು ಅವರಿಗೆ ಗೊತ್ತಿತ್ತು. ನಳದ ಹತ್ತಿರ ನಿಲ್ಲುತ್ತಿದ್ದರು, ಯಾಕೆಂದರೆ ಹೆಂಗಸರು ಇರುತ್ತಿದ್ದುದು ಅಲ್ಲಿ. ಗಂಟೆ ಬಾರಿಸಿ, ಅಭ್ಯರ್ಥಿಗಳ ಹಾಜರಿ ಕರೆಯುತ್ತಿದ್ದರು. ಒಂದೊಂದು ಹೆಸರಿನ ಮುಂದೆ ಹಿಂದಿನ ಆಸ್ತಿ, ಈಗಿನ ಆಸ್ತಿ ಬರೆದು, ವ್ಯತ್ಯಾಸವನ್ನು ಅಲ್ಲಿ ನಿಂತ ಮಕ್ಕಳಿಂದಲೇ ಕಳೆಸಿ ಹೇಳಿಸುತ್ತಿದ್ದರು. ನೀರಿನ ಕೊಡ ಹಿಡಿದು ನಿಂತ ಹೆಂಗಸರು ಆ ಉತ್ತರ ಕೇಳಿ ಒಬ್ಬರನ್ನೊಬ್ಬರು ನೋಡುತ್ತಿದ್ದರು. ಅಕ್ಕೋರು ಯಾರನ್ನೂ ಬಯ್ಯುತ್ತಿರಲಿಲ್ಲ. ಅವರದೇ ಅಫಿಡವಿಟ್‌ನಲ್ಲಿ ಬರೆದುಕೊಟ್ಟದ್ದನ್ನು ಓದಿದರೆ ಯಾರೂ ಆಕ್ಷೇಪಿಸುವಂತಿಲ್ಲ ಎನ್ನುವುದು ಅವರ ಲೆಕ್ಕ.

ಆಮೇಲೆ ನೀರಿನ ಮಾತು. ಹುಬ್ಬಳ್ಳಿ-ಧಾರವಾಡ ಅವಳಿ ನಗರಕ್ಕೆ ಮಲಪ್ರಭೆಯ ನೀರು ಸವದತ್ತಿಯ ರೇಣುಕಾಸಾಗರದಿಂದ ಬರುತ್ತದೆ. ವಾರಕ್ಕೊಮ್ಮೆ ನಳ ಬಂದರೆ ಹಬ್ಬ ಎನ್ನುವ ಓಣಿಗಳು ಇಲ್ಲಿ ಬಹಳ ಇದ್ದವು. 2008ರ ಹೊತ್ತಿಗೆ ವಿಶ್ವಬ್ಯಾಂಕಿನ ನೆರವಿನ ಯೋಜನೆಯಲ್ಲಿ ಕೆಲವೇ ವಾರ್ಡುಗಳಿಗೆ ದಿನದ 24 ಗಂಟೆಯೂ ನೀರು ಹರಿಯತೊಡಗಿತು. ಇದೇ ಊರಿನಲ್ಲಿ ಅಲ್ಲಿ ಆಗುವುದು ಇಲ್ಲಿ ಯಾಕೆ ಆಗದು ಎಂಬ ಒಂದೇ ಪ್ರಶ್ನೆಯನ್ನು ಅಕ್ಕೋರು ಒಂದು ಚುನಾವಣೆಯುದ್ದಕ್ಕೂ ಕೇಳಿದರು. ಪ್ರಮುಖ ಪಕ್ಷದ ಅಭ್ಯರ್ಥಿಯೊಬ್ಬರು ನಮ್ಮ ಓಣಿಗೆ ಬಂದಾಗ ಹೆಂಗಸರು ಅದೇ ಪ್ರಶ್ನೆಯನ್ನು ಅದೇ ಶಬ್ದಗಳಲ್ಲಿ ಎತ್ತಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಅವರಲ್ಲಿ ಹಲವರು ಅಕ್ಕೋರಿಗೆ ಮತ ಹಾಕಿರಲಿಕ್ಕಿಲ್ಲ.

ಅವರ ಕರಪತ್ರದ ಕೆಳಗೆ ಮುದ್ರಕರ ಹೆಸರು, ಪ್ರಕಾಶಕರ ಹೆಸರು ಕಡ್ಡಾಯವಾಗಿ ಇರುತ್ತಿದ್ದವು. ಕಾನೂನೇ ಹಾಗಿದೆ, ಆದರೆ ಪಾಲಿಸುವವರು ಕಡಿಮೆ. ಹೆಸರಿಲ್ಲದ ದೊಡ್ಡವರ ಕರಪತ್ರ ಸಿಕ್ಕರೆ ಮರುದಿನ ಬೆಳಿಗ್ಗೆ ಬಸ್ ಹತ್ತಿ ಧಾರವಾಡದ ಜಿಲ್ಲಾಧಿಕಾರಿ ಕಚೇರಿಗೆ ದೂರು. ಕಿರಿಕಿರಿಯ ಮನುಷ್ಯರು ಎಂದು ಅಧಿಕಾರಿಗಳು ಬೇಸರಪಟ್ಟಿರಬಹುದು. ಅವರ ಹಟ ಒಮ್ಮೊಮ್ಮೆ ನಮಗೂ ಭಾರವಾಗುತ್ತಿತ್ತು ಎನ್ನುವುದನ್ನು ಮುಚ್ಚಿಡುವುದಿಲ್ಲ. ಆದರೆ ನಿಯಮವನ್ನು ಮೊದಲು ತಾವು ಪಾಲಿಸಿ ಆಮೇಲೆ ಬೇರೆಯವರನ್ನು ಕೇಳುವವರ ಹಟಕ್ಕೆ ಒಂದು ತೂಕ ಇರುತ್ತದೆ.

ಇನ್ನು ಠೇವಣಿ. ಇದು ನನಗೆ ನೋವಿನ ವಿಷಯ. 1996ಕ್ಕೆ ಮೊದಲು ವಿಧಾನಸಭೆಗೆ 250 ರೂಪಾಯಿ, ಲೋಕಸಭೆಗೆ 500 ರೂಪಾಯಿ ಇತ್ತು. ಆ ವರ್ಷ ಪಕ್ಕದ ಬೆಳಗಾವಿ ಲೋಕಸಭಾ ಕ್ಷೇತ್ರದಲ್ಲಿ 456 ಜನ ನಿಂತರು. ತಮಿಳುನಾಡಿನ ಮೊಡಕುರಿಚ್ಚಿ ವಿಧಾನಸಭಾ ಕ್ಷೇತ್ರದಲ್ಲಿ ಸಾವಿರ ದಾಟಿತು. ಮತಪತ್ರ ಪುಸ್ತಕದಷ್ಟು ದಪ್ಪವಾದರೆ ಆಯೋಗಕ್ಕೆ ಕಷ್ಟವೇ, ಒಪ್ಪುತ್ತೇನೆ. ಠೇವಣಿ 5,000 ಮತ್ತು 10,000ಕ್ಕೆ ಏರಿತು, ಪಕ್ಷೇತರರಿಗೆ ನಾಮಪತ್ರಕ್ಕೆ ಸಹಿ ಹಾಕುವ ಹತ್ತು ಸೂಚಕರು ಬೇಕು ಎಂದಾಯಿತು. ಈಗ ವಿಧಾನಸಭೆಗೆ 10,000, ಲೋಕಸಭೆಗೆ 25,000. ಪರಿಶಿಷ್ಟ ಜಾತಿ, ಪಂಗಡದವರಿಗೆ ಅರ್ಧ. ಮಹಿಳೆಯರಿಗೆ ಇವೆರಡರಲ್ಲೂ ಯಾವ ರಿಯಾಯಿತಿಯೂ ಇಲ್ಲ. ಸಿಂಧು ಮತಗಳಲ್ಲಿ ಆರನೇ ಒಂದು ಭಾಗಕ್ಕಿಂತ ಹೆಚ್ಚು ಬರದಿದ್ದರೆ ಆ ಹಣ ಹೋಯಿತು. ಅತ್ತ ವಿಧಾನಸಭಾ ಅಭ್ಯರ್ಥಿಯ ಖರ್ಚಿನ ಮಿತಿ 2022ರಲ್ಲಿ 40 ಲಕ್ಷವಾಯಿತು. ಅಕ್ಕೋರು ಒಂದು ವರ್ಷ ಬಳೆ ಒತ್ತೆಯಿಟ್ಟು ಠೇವಣಿ ಕಟ್ಟಿದ್ದರು.

ಹಣಕ್ಕಿಂತ ಕಷ್ಟ ಸೂಚಕರದ್ದು. ಮಾನ್ಯತೆ ಪಡೆದ ಪಕ್ಷದ ಅಭ್ಯರ್ಥಿಗೆ ಒಬ್ಬ ಸೂಚಕ ಸಾಕು. ಪಕ್ಷೇತರರು ಅದೇ ಕ್ಷೇತ್ರದ ಹತ್ತು ಮತದಾರರನ್ನು ಹುಡುಕಬೇಕು. ಊರ ದೊಡ್ಡವರ ಎದುರು ಹೆಸರು ಬರೆಸಲು ಅಂಗಡಿಯವರು ಹೆದರುತ್ತಾರೆ. ನಾನು ಸಹಿ ಹಾಕಿದ ವರ್ಷ ನನ್ನ ಕಾಕಾ ಮನೆಗೆ ಬಂದು ‘ನಿನಗೇಕೆ ಬೇಕಿತ್ತು’ ಎಂದು ಗದರಿಸಿ ಹೋದರು. ನಾಮಪತ್ರ ಹಿಂತೆಗೆದುಕೊಳ್ಳುವ ಕೊನೆಯ ದಿನವಂತೂ ಅಕ್ಕೋರ ಮನೆಯ ಮುಂದೆ ಕಾರುಗಳು. ಒಳಗೆ ಬಂದವರಿಗೆಲ್ಲ ಚಹಾ ಕೊಟ್ಟು ಕಳಿಸುತ್ತಿದ್ದರು, ಹೆಸರು ಮಾತ್ರ ಹಿಂದಕ್ಕೆ ತೆಗೆದುಕೊಳ್ಳುತ್ತಿರಲಿಲ್ಲ.

ಪದೇ ಪದೇ ನಿಲ್ಲುವ ಪಕ್ಷೇತರರೆಲ್ಲ ಹೀಗೇ ಇರುತ್ತಾರೆ ಎಂದು ನಾನು ಹೇಳುವುದಿಲ್ಲ. ಎದುರಾಳಿಯದೇ ಹೆಸರಿನವರನ್ನು ಹುಡುಕಿ ತಂದು ನಿಲ್ಲಿಸುವುದು, ಹೆಚ್ಚುವರಿ ಏಜೆಂಟರಿಗಾಗಿ, ವಾಹನಗಳಿಗಾಗಿ ಡಮ್ಮಿ ಅಭ್ಯರ್ಥಿ ಹೂಡುವುದು ನಡೆದೇ ಇದೆ. ನಿಮ್ಮ ಊರಿನವರು ಯಾವ ಬಗೆ ಎಂದು ತಿಳಿಯಬೇಕಿದ್ದರೆ ಅವರ ಪ್ರಚಾರದ ಖರ್ಚು ಯಾರ ಜೇಬಿನಿಂದ ಬರುತ್ತದೆ ಎಂದು ನೋಡಿ.

ಇನ್ನೊಂದು ಮಾತು ಹೇಳಲೇಬೇಕು. ಬರೇಲಿಯ ಕಾಕಾ ಜೋಗಿಂದರ್ ಸಿಂಗ್ 300ಕ್ಕೂ ಹೆಚ್ಚು ಚುನಾವಣೆ ಸೋತರು, ‘ಧರ್ತಿಪಕಡ್’ (ನೆಲ ಹಿಡಿದವ) ಎಂದು ಜನ ಅಕ್ಕರೆಯಿಂದ ಕರೆದರು. ನಮ್ಮ ರಾಜ್ಯದಲ್ಲಿ ‘ಹೊಟ್ಟೆಪಕ್ಷ’ದ ರಂಗಸ್ವಾಮಿ ಮನೆಮಾತಾದರು. ಗಂಡಸಿಗೆ ಬಿರುದು, ಹೆಂಗಸಿಗೆ ಹುಚ್ಚಿನ ಪಟ್ಟ. ಇದು ಇಂದಿನದಲ್ಲ. ವಾಷಿಂಗ್ಟನ್ನಿನ ವಕೀಲೆ ಬೆಲ್ವಾ ಲಾಕ್‌ವುಡ್ 1884 ಮತ್ತು 1888ರಲ್ಲಿ ಅಮೆರಿಕದ ಅಧ್ಯಕ್ಷ ಸ್ಥಾನಕ್ಕೆ ನಿಂತರು. ಆಗ ಆಕೆಗೇ ಮತದಾನದ ಹಕ್ಕಿರಲಿಲ್ಲ. ಆದರೂ ಹೆಣ್ಣು ಅಭ್ಯರ್ಥಿಯಾಗಬಾರದು ಎಂದು ಸಂವಿಧಾನದಲ್ಲಿ ಎಲ್ಲಿಯೂ ಇಲ್ಲ ಎಂದು ನಿಂತರು. ಗಂಡಸರು ಹೆಂಗಸರ ಉಡುಪು ತೊಟ್ಟು ಆಕೆಯನ್ನು ಅಣಕಿಸಿ ಮೆರವಣಿಗೆ ಮಾಡಿದರು. ಅಲ್ಲಿನ ಸುಪ್ರೀಂ ಕೋರ್ಟಿನಲ್ಲಿ ಮಹಿಳೆಯರು ವಾದಿಸಬಹುದೆಂಬ 1879ರ ಕಾನೂನಿಗಾಗಿ ಹೋರಾಡಿ ಗೆದ್ದವರೂ ಆಕೆಯೇ.

ನಮ್ಮ ಧಾರವಾಡವೂ ಹೆಣ್ಣನ್ನು ಗೆಲ್ಲಿಸದ ನೆಲವಲ್ಲ. ಸರೋಜಿನಿ ಮಹಿಷಿ 1962ರಿಂದ ಸತತ ನಾಲ್ಕು ಬಾರಿ ಧಾರವಾಡ ಉತ್ತರದಿಂದ ಲೋಕಸಭೆಗೆ ಹೋದರು. ಅವರ ನಂತರ ಇಲ್ಲಿಂದ ಇನ್ನೊಬ್ಬ ಮಹಿಳೆ ಲೋಕಸಭೆಗೆ ಹೋಗಿಲ್ಲ. ಅಕ್ಕೋರು ಈ ಮಾತನ್ನು ಪ್ರತಿ ಭಾಷಣದಲ್ಲೂ ಹೇಳುತ್ತಿದ್ದರು.

ಈಗ ನಿಮ್ಮ ಊರಿನವರ ವಿಷಯ. ಅವರು ಸಹಿ ಕೇಳಿಕೊಂಡು ನಿಮ್ಮ ಮನೆಗೆ ಬಂದರೆ, ಮತದಾರರ ಪಟ್ಟಿಯಲ್ಲಿರುವ ನಿಮ್ಮ ಭಾಗ ಸಂಖ್ಯೆ, ಕ್ರಮ ಸಂಖ್ಯೆ ಸರಿಯಾಗಿ ನೋಡಿ ಬರೆಸಿ. ಅಫಿಡವಿಟ್‌ನಲ್ಲಿ ಯಾವ ಕಾಲಂ ಅನ್ನೂ ಖಾಲಿ ಬಿಡದೆ, ಇಲ್ಲದಿದ್ದರೆ ‘ಇಲ್ಲ’ ಎಂದೇ ಬರೆಯಲು ಹೇಳಿ. ಖಾಲಿ ಬಿಟ್ಟರೆ ನಾಮಪತ್ರ ತಿರಸ್ಕೃತವಾಗಬಹುದು. ಫಲಿತಾಂಶ ಬಂದ 30 ದಿನದೊಳಗೆ ಖರ್ಚಿನ ಲೆಕ್ಕ ಒಪ್ಪಿಸುವುದನ್ನು ನೆನಪಿಸಿ, ಇಲ್ಲವಾದರೆ ಆಯೋಗ ಮೂರು ವರ್ಷ ಅನರ್ಹಗೊಳಿಸಬಹುದು. ಸೂಚಕರಾಗಿ ಸಹಿ ಹಾಕಿದ ಮಾತ್ರಕ್ಕೆ ಅವರಿಗೇ ಮತ ಕೊಡಬೇಕೆಂಬ ಕಟ್ಟುಪಾಡು ನಿಮಗಿಲ್ಲ.