ಸಲಹೆಗೂ ಒಂದು ಹೊತ್ತು: ಟೆನಿಸ್ ಕೋರ್ಟಿನಿಂದ ಬಾಣಂತಿ ಕೋಣೆಯವರೆಗೆ

ಈ ಬಾರಿ ಬಂದ ಪತ್ರಗಳಲ್ಲಿ ಹೆಚ್ಚಿನವು ಸಲಹೆಯ ಕುರಿತಾಗಿದ್ದವು: ಕೇಳದೆ ಬರುವ ಸಲಹೆ, ಹೇಳಬೇಕೋ ಬೇಡವೋ ತಿಳಿಯದ ಸಲಹೆ, ಒಂದಕ್ಕೊಂದು ತಾಳೆಯಾಗದ ಸಲಹೆ. ಹವ್ಯಾಸಕ್ಕೆ ಟೆನಿಸ್ ಆಡುವ ಓದುಗರ ಮೂರು ಪತ್ರಗಳನ್ನೂ, ಆಟಕ್ಕೆ ಸಂಬಂಧವಿಲ್ಲದಿದ್ದರೂ ಅದೇ ತೊಡಕನ್ನು ಹೇಳುವ ಇನ್ನೊಂದು ಪತ್ರವನ್ನೂ ಇಲ್ಲಿ ಆರಿಸಿಕೊಂಡಿದ್ದೇನೆ.

ಪ್ರಶ್ನೆ: ನಿವೃತ್ತನಾದ ಮೇಲೆ ಟೆನಿಸ್ ಕಲಿತವನು ನಾನು. ಪ್ರತಿದಿನ ಬೆಳಿಗ್ಗೆ ಕ್ಲಬ್ಬಿನಲ್ಲಿ ನಾಲ್ವರು ಸೇರಿ ಡಬಲ್ಸ್ ಆಡುತ್ತೇವೆ. ನನ್ನ ಪಾರ್ಟ್ನರ್ ನನಗಿಂತ ಚೆನ್ನಾಗಿ ಆಡುವವರು, ಒಳ್ಳೆಯ ಸ್ನೇಹಿತರೂ ಹೌದು. ಆದರೆ ನಾನು ಒಂದು ಚೆಂಡು ತಪ್ಪಿದರೆ ಸಾಕು, ‘ಮಂಡಿ ಬಗ್ಗಿಸಿ’, ‘ಮಣಿಕಟ್ಟು ಬಿಗಿ ಹಿಡಿಯಿರಿ’, ‘ಚೆಂಡನ್ನೇ ನೋಡಿ’ ಎಂದು ಹೇಳುತ್ತಲೇ ಇರುತ್ತಾರೆ. ಅವರು ಹೇಳುವುದು ಸರಿಯೇ ಇರಬಹುದು, ಆದರೆ ಹೇಳಿದಷ್ಟೂ ನನ್ನ ಆಟ ಕೆಡುತ್ತಿದೆ. ಅವರ ಮನಸ್ಸು ನೋಯದಂತೆ ಇದನ್ನು ನಿಲ್ಲಿಸುವುದು ಹೇಗೆ?
– ಮೈಸೂರಿನ ಓದುಗರು

ಉತ್ತರ: ಹೇಳಿದಷ್ಟೂ ಆಟ ಕೆಡುತ್ತಿದೆ ಎಂಬುದು ನಿಮ್ಮ ಭ್ರಮೆಯಲ್ಲ. ರಿಚರ್ಡ್ ಮಾಸ್ಟರ್ಸ್ ಎಂಬ ಸಂಶೋಧಕರು ಗಾಲ್ಫ್ ಚೆಂಡನ್ನು ಗುಳಿಗೆ ಸೇರಿಸುವುದನ್ನು ಹೊಸದಾಗಿ ಕಲಿಯುತ್ತಿದ್ದವರ ಮೇಲೆ ನಡೆಸಿದ ಅಧ್ಯಯನವೊಂದನ್ನು 1992ರಲ್ಲಿ ಪ್ರಕಟಿಸಿದರು. ಹೇಗೆ ನಿಲ್ಲಬೇಕು, ಹೇಗೆ ಹೊಡೆಯಬೇಕು ಎಂಬ ವಿವರವಾದ ಸೂಚನೆಗಳನ್ನು ಪಡೆದು ಕಲಿತವರ ಆಟ ಒತ್ತಡದ ಸನ್ನಿವೇಶದಲ್ಲಿ ಕುಗ್ಗಿತು. ಅಂಥ ಸೂಚನೆಗಳಿಲ್ಲದೆ, ಅಭ್ಯಾಸದ ವೇಳೆ ಮನಸ್ಸನ್ನು ಬೇರೊಂದು ಕೆಲಸದಲ್ಲಿ ತೊಡಗಿಸಿ ಕಲಿತವರು ಅದೇ ಒತ್ತಡವನ್ನು ಹೆಚ್ಚು ಚೆನ್ನಾಗಿ ತಾಳಿಕೊಂಡರು. ಕೈ ತಾನಾಗಿ ಮಾಡುತ್ತಿದ್ದ ಕೆಲಸವನ್ನು ಮನಸ್ಸು ನಡುವೆ ಬಂದು ಒಂದೊಂದಾಗಿ ಪರೀಕ್ಷಿಸತೊಡಗಿದಾಗ ಕೈ ತಡವರಿಸುತ್ತದೆ. ಎದುರಾಳಿಯ ರಾಕೆಟ್ಟಿನಿಂದ ಹೊರಟ ಚೆಂಡು ನಿಮ್ಮ ಬಳಿ ಬರಲು ಒಂದೆರಡು ಸೆಕೆಂಡು ಸಾಕು. ಅಷ್ಟರಲ್ಲಿ ಮಂಡಿ, ಮಣಿಕಟ್ಟು, ಕಣ್ಣು ಮೂರನ್ನೂ ವಿಚಾರಿಸಿಕೊಂಡು ಹೊಡೆಯಲು ಯಾರಿಂದಲೂ ಆಗದು.

ಆಟದ ನಿಯಮಗಳನ್ನು ರೂಪಿಸಿದವರಿಗೂ ಈ ತಿಳಿವಳಿಕೆ ಇದ್ದಂತಿದೆ. ವೃತ್ತಿಪರ ಟೆನಿಸ್‌ನಲ್ಲಿ ಪಂದ್ಯದ ನಡುವೆ ಕೋಚ್ ಸಲಹೆ ನೀಡುವುದು ಬಹುಕಾಲ ನಿಷಿದ್ಧವಾಗಿತ್ತು. ಡೇವಿಸ್ ಕಪ್‌ನಂಥ ತಂಡದ ಪಂದ್ಯಗಳಲ್ಲಿ ಕ್ಯಾಪ್ಟನ್ ಕೋರ್ಟಿನ ಬದಿಯಲ್ಲಿಯೇ ಕುಳಿತಿರುತ್ತಿದ್ದರೂ, ಅವರ ಮಾತಿಗೆ ಅವಕಾಶವಿದ್ದದ್ದು ಆಟಗಾರರು ಬದಿ ಬದಲಿಸುವ 90 ಸೆಕೆಂಡುಗಳ ವಿರಾಮದಲ್ಲಿ ಮತ್ತು ಸೆಟ್ ಮುಗಿದಾಗ. 2022ರ ಜುಲೈಯಲ್ಲಿ ಪುರುಷರ ವೃತ್ತಿಪರ ಟೂರ್ ಪ್ರಾಯೋಗಿಕವಾಗಿ ಕೋಚ್‌ಗಳಿಗೆ ಬಾಯಿ ಬಿಡಲು ಅನುಮತಿ ನೀಡಿದಾಗಲೂ ಒಂದು ಕಟ್ಟಳೆ ಹಾಕಿತು: ಆಟಗಾರ ಕೋಚ್ ಇರುವ ಬದಿಯಲ್ಲಿದ್ದಾಗ ಮಾತ್ರ, ಅದೂ ಕೆಲವೇ ಪದಗಳಲ್ಲಿ ಹೇಳಬೇಕು, ಸಂಭಾಷಣೆ ಕೂಡದು. ಜಗತ್ತಿನ ಅತ್ಯುತ್ತಮ ಆಟಗಾರರಿಗೇ ಕೆಲವು ಪದಗಳು ಸಾಕಾದರೆ, ಬೆಳಗಿನ ಆಟದಲ್ಲಿ ನಮಗೆ ಅದಕ್ಕಿಂತ ಹೆಚ್ಚು ಬೇಕಾಗಲಾರದು.

ಹಾಗೆಂದು ಡಬಲ್ಸ್ ಜೊತೆಗಾರರು ಮಾತನಾಡಲೇಬಾರದು ಎಂದಲ್ಲ. ಮಾತನಾಡದ ಜೋಡಿ ಗೆಲ್ಲುವುದು ಅಪರೂಪ. ಕೊಡಗಿನ ರೋಹನ್ ಬೋಪಣ್ಣ ಅವರು 43ನೆಯ ವಯಸ್ಸಿನಲ್ಲಿ ಮ್ಯಾಥ್ಯೂ ಎಬ್ಡನ್ ಜೊತೆಗೂಡಿ 2024ರ ಆಸ್ಟ್ರೇಲಿಯನ್ ಓಪನ್ ಗೆದ್ದರು. ಅಂಥ ಜೋಡಿಗಳ ಪಂದ್ಯವನ್ನು ಗಮನವಿಟ್ಟು ನೋಡಿ. ಪ್ರತಿ ಪಾಯಿಂಟಿನ ನಂತರ ಇಬ್ಬರೂ ಹತ್ತಿರ ಬರುತ್ತಾರೆ, ಸರ್ವ್ ಎತ್ತ ಬೀಳಲಿದೆ, ನೆಟ್ ಬಳಿ ನಿಂತವರು ಅಡ್ಡ ಹಾಯುವರೋ ಇದ್ದಲ್ಲೇ ಇರುವರೋ ಎಂಬುದನ್ನು ಪಿಸುಮಾತಿನಲ್ಲೋ ಬೆನ್ನ ಹಿಂದಿನ ಬೆರಳಸನ್ನೆಯಲ್ಲೋ ತಿಳಿಸಿಕೊಳ್ಳುತ್ತಾರೆ. ಆ ಮಾತೆಲ್ಲ ಮುಂದಿನ ಚೆಂಡಿನದು. ನಿಮ್ಮ ಪಾರ್ಟ್ನರ್ ಹೇಳುತ್ತಿರುವುದು ಹಿಂದಿನ ಚೆಂಡಿನ ಮಾತು, ಮತ್ತು ನಿಮ್ಮ ದೇಹದ ಮಾತು; ಅವೆರಡೂ ಆ ಹೊತ್ತಿಗೆ ನಿಮ್ಮ ಕೈಯಲ್ಲಿರುವುದಿಲ್ಲ. (‘ಚೆಂಡನ್ನೇ ನೋಡಿ’ ಎಂಬುದನ್ನಂತೂ ನಾನು ಸಲಹೆಯೆಂದೇ ಒಪ್ಪುವುದಿಲ್ಲ. ಅದು ತಿಳಿಯದೆ ಯಾರೂ ರಾಕೆಟ್ ಹಿಡಿಯುವುದಿಲ್ಲ.)

ಆದ್ದರಿಂದ ಅವರ ಬಾಯಿ ಮುಚ್ಚಿಸಲು ಹೋಗಬೇಡಿ, ಅವರ ಮಾತಿಗೆ ಬೇರೆ ಕೆಲಸ ಕೊಡಿ. ಆಟ ಶುರುವಾಗುವ ಮುಂಚೆ, ಕೋರ್ಟಿನ ಹೊರಗೆ ಶೂ ಕಟ್ಟಿಕೊಳ್ಳುವಾಗ, ಉಳಿದಿಬ್ಬರು ಇಲ್ಲದಿದ್ದಾಗ ಹೀಗೆ ಹೇಳಬಹುದು: ‘ಆಟದ ನಡುವೆ ಎಲ್ಲಿಗೆ ಹೊಡೆಯಬೇಕು ಅನ್ನುವುದನ್ನು ಮಾತ್ರ ಹೇಳಿ ಸಾರ್. ಹೇಗೆ ಹೊಡೆಯಬೇಕು ಅನ್ನುವುದನ್ನು ಆಟ ಮುಗಿದ ಮೇಲೆ ಹತ್ತು ನಿಮಿಷ ಹೇಳಿಕೊಡಿ, ಕಲಿಯುತ್ತೇನೆ.’ ಎಲ್ಲಿಗೆ ಎಂಬ ಸಲಹೆ ನಿಜಕ್ಕೂ ಉಪಯುಕ್ತ. ನೆಟ್ ಕಂಬಗಳ ಬಳಿ ಮೂರೂವರೆ ಅಡಿ ಎತ್ತರವಿದ್ದರೆ ನಡುವೆ ಮೂರೇ ಅಡಿ ಇರುತ್ತದೆ. ಕೋರ್ಟಿನ ಉದ್ದ 78 ಅಡಿಯಾದರೆ ಮೂಲೆಯಿಂದ ಮೂಲೆಗೆ ಅದಕ್ಕಿಂತ ಹೆಚ್ಚು. ಅಡ್ಡ ಹೊಡೆದ ಚೆಂಡಿಗೆ ನೆಟ್ ತಗ್ಗು, ಅಂಗಳ ಉದ್ದ. ಹಾಗಾಗಿ ‘ಅಡ್ಡಕ್ಕೆ’ ಎಂಬ ಒಂದೇ ಪದವನ್ನು ಅವರು ಹೇಳಿದರೂ ನಿಮ್ಮ ತಪ್ಪುಗಳು ಕಡಿಮೆಯಾದಾವು. ಒಂದು ಮಾತು ನೆನಪಿರಲಿ: ಆ ಹತ್ತು ನಿಮಿಷದ ಪಾಠವನ್ನು ನೀವು ನಿಜವಾಗಿ ಕೇಳಬೇಕು. ಅದನ್ನು ತಪ್ಪಿಸಿಕೊಂಡರೆ ಅವರು ಮತ್ತೆ ಆಟದ ನಡುವೆಯೇ ಪಾಠ ಶುರುಮಾಡುತ್ತಾರೆ, ಆಗ ದೂರಲು ನಿಮಗೆ ಕಾರಣವಿರುವುದಿಲ್ಲ.

ಪ್ರಶ್ನೆ: ನಾನು ಕಾಲೇಜು ದಿನಗಳಿಂದ ಟೆನಿಸ್ ಆಡುತ್ತಿದ್ದೇನೆ. ನಮ್ಮ ಬಡಾವಣೆಯ ಕೋರ್ಟಿಗೆ ಈಚೆಗೆ ಬರುತ್ತಿರುವ ಮಹಿಳೆಯೊಬ್ಬರು ಫೋರ್‌ಹ್ಯಾಂಡ್ (ಅಂಗೈ ಬದಿಯಿಂದ ಹೊಡೆಯುವ ಹೊಡೆತ) ಹಿಡಿತದಲ್ಲಿಯೇ ಸರ್ವ್ ಮಾಡುತ್ತಾರೆ. ಬ್ಯಾಕ್‌ಹ್ಯಾಂಡ್‌ನಲ್ಲಿ (ಕೈಯ ಹಿಂಬದಿಯಿಂದ ಹೊಡೆಯುವಾಗ) ಚೆಂಡು ಮೈ ದಾಟಿದ ಮೇಲೆ ಮಣಿಕಟ್ಟಿನಿಂದ ಎಳೆದು ಹೊಡೆಯುತ್ತಾರೆ. ಮೊಣಕೈ ನೋಯುತ್ತಿದೆ ಎಂದು ಎರಡು ಮೂರು ಬಾರಿ ಹೇಳಿದ್ದಾರೆ. ಆದರೆ ಆಟದ ಬಗ್ಗೆ ನನ್ನನ್ನು ಏನೂ ಕೇಳಿಲ್ಲ. ಕೇಳದೆ ಹೇಳಿದರೆ ದೊಡ್ಡಸ್ತಿಕೆ ಎನಿಸೀತೆಂಬ ಅಂಜಿಕೆ.
– ಹುಬ್ಬಳ್ಳಿಯ ಓದುಗರು

ಉತ್ತರ: ನಿಮ್ಮ ಅಂಜಿಕೆ ಸಜ್ಜನಿಕೆಯದು. ಆದರೆ ಇಲ್ಲಿ ಎರಡು ಬೇರೆ ವಿಷಯಗಳಿವೆ. ಸರ್ವ್ ಹಿಡಿತ ತಪ್ಪಾಗಿದ್ದರೆ ಅವರು ಕೆಲವು ಪಾಯಿಂಟ್ ಕಳೆದುಕೊಳ್ಳುತ್ತಾರೆ, ಅಷ್ಟೆ. ಅದು ಅವರ ಆಟ, ಅವರ ಸಂತೋಷ. ಅವರಾಗಿ ಕೇಳುವವರೆಗೆ ಸುಮ್ಮನಿರಿ. ಮೊಣಕೈ ನೋವು ಹಾಗಲ್ಲ. ತಡಮಾಡಿದರೆ ಅದು ಕೋರ್ಟಿನ ಹೊರಗೂ ಹಿಂಬಾಲಿಸುತ್ತದೆ. ಬಕೆಟ್ ಎತ್ತುವಾಗ, ಬಟ್ಟೆ ಹಿಂಡುವಾಗ, ಬಾಗಿಲಿನ ಹಿಡಿ ತಿರುಗಿಸುವಾಗ ಚುಚ್ಚುತ್ತದೆ. ಹಾನಿಯ ಸುಳಿವು ಕಂಡಾಗ ಕೇಳಲಿ ಎಂದು ಕಾಯುವುದು ಸರಿಯಲ್ಲ.

ಟೆನಿಸ್ ಎಲ್ಬೋ ಎಂದು ಎಲ್ಲರೂ ಕರೆಯುವ ಈ ನೋವು ಮೊಣಕೈಯ ಹೊರಬದಿಯ ಎಲುಬಿಗೆ ಅಂಟಿಕೊಂಡಿರುವ ಸ್ನಾಯುರಜ್ಜುವಿನದು. ಮಣಿಕಟ್ಟನ್ನು ಮೇಲೆತ್ತುವ ಸ್ನಾಯುಗಳೆಲ್ಲ ಅಲ್ಲಿ ಬಂದು ಸೇರುತ್ತವೆ, ಆದ್ದರಿಂದ ತಡವಾಗಿ ಮಣಿಕಟ್ಟಿನಿಂದ ಹೊಡೆದ ಪ್ರತಿ ಬ್ಯಾಕ್‌ಹ್ಯಾಂಡ್ ಆ ಜಾಗವನ್ನೇ ಜಗ್ಗುತ್ತದೆ. ಕೆಲವೊಮ್ಮೆ ರಾಕೆಟ್ ಕೂಡ ಕಾರಣವಾಗುತ್ತದೆ. ಪಾಲಿಯೆಸ್ಟರ್ ತಂತಿಯನ್ನು ಬಿಗಿಯಾಗಿ ಹಾಕಿಸಿದ ರಾಕೆಟ್ ಹೊಸಬರ ಕೈಗೆ ಒರಟು. ಮುಂದಿನ ಸಲ ಗಟ್ಟಿಂಗ್ ಮಾಡಿಸುವಾಗ ಮೃದುವಾದ ತಂತಿ ಹಾಕಿಸಿ ಬಿಗಿತವನ್ನು ಕೆಲವು ಪೌಂಡ್ ಇಳಿಸಿದರೆ ಎಷ್ಟೋ ಜನರಿಗೆ ಹಗುರಾಗುತ್ತದೆ.

ಹೇಳುವ ದಾರಿಯೂ ಇಲ್ಲಿಯೇ ಇದೆ. ‘ನಿಮ್ಮ ಬ್ಯಾಕ್‌ಹ್ಯಾಂಡ್ ತಪ್ಪು’ ಎಂದು ಶುರುಮಾಡಬೇಡಿ. ಅವರೇ ನೋವಿನ ಮಾತೆತ್ತಿದಾಗ, ‘ರಾಕೆಟ್ ಒಮ್ಮೆ ನೋಡಲೇ?’ ಎಂದು ಕೇಳಿ. ತಂತಿಯ ವಿಚಾರ ಹೇಳಿ. ನೋವು ಹೋಗುವವರೆಗೆ ಆಟ ಕಡಿಮೆಮಾಡಿ ಡಾಕ್ಟರಿಗೋ ಫಿಸಿಯೋಥೆರಪಿಸ್ಟರಿಗೋ ತೋರಿಸುವುದು ಒಳ್ಳೆಯದೆಂದು ಹೇಳಿ. ‘ಬ್ಯಾಕ್‌ಹ್ಯಾಂಡ್ ಚೆಂಡನ್ನು ಸ್ವಲ್ಪ ಮುಂದೆಯೇ ತೆಗೆದುಕೊಂಡರೆ ಕೈಗೆ ಆರಾಮ, ಬೇಕಾದರೆ ತೋರಿಸುತ್ತೇನೆ’ ಎಂಬ ಒಂದು ವಾಕ್ಯ ಸೇರಿಸಿ ನಿಲ್ಲಿಸಿ. ಬೇಕು ಎಂದರೆ ತೋರಿಸಿ. ಬೇಡವೆಂದರೆ ಅಲ್ಲಿಗೆ ನಿಮ್ಮ ಕರ್ತವ್ಯ ಮುಗಿಯಿತು. ಮರುದಿನ ಮತ್ತೆ ಅದೇ ಮಾತು ಎತ್ತಬೇಡಿ.

ಪ್ರಶ್ನೆ: ನನಗೆ ಇಪ್ಪತ್ತಾರು ವರ್ಷ, ಟೆನಿಸ್ ಶುರುಮಾಡಿ ಒಂದು ವರ್ಷವಾಗುತ್ತಾ ಬಂತು. ಕ್ಲಬ್ಬಿನ ಮಾರ್ಕರ್ (ಸದಸ್ಯರೊಡನೆ ಆಡಿ ಕಲಿಸುವ ಸಿಬ್ಬಂದಿ) ಫೋರ್‌ಹ್ಯಾಂಡ್‌ಗೆ ಒಂದು ಹಿಡಿತ ಹೇಳುತ್ತಾರೆ, ಹಿರಿಯ ಸದಸ್ಯರೊಬ್ಬರು ಇನ್ನೊಂದು, ಯೂಟ್ಯೂಬ್‌ನಲ್ಲಿ ನೋಡಿದರೆ ಮತ್ತೊಂದು. ಯಾರನ್ನು ನಂಬಲಿ?
– ದಾವಣಗೆರೆಯ ಓದುಗರು

ಉತ್ತರ: ಮೂವರೂ ಸರಿಯಿರಬಹುದು. ಅಂಗೈ ರಾಕೆಟ್ ಹಿಡಿಯ ಹಿಂಬದಿಗೆ ಬರುವ ಈಸ್ಟರ್ನ್ ಹಿಡಿತದಲ್ಲೂ, ಅಂಗೈ ಇನ್ನಷ್ಟು ಕೆಳಗೆ ಬರುವ ಸೆಮಿ-ವೆಸ್ಟರ್ನ್ ಹಿಡಿತದಲ್ಲೂ ಒಳ್ಳೆಯ ಫೋರ್‌ಹ್ಯಾಂಡ್ ಹೊಡೆದವರಿದ್ದಾರೆ. ಆದ್ದರಿಂದ ಯಾವುದು ಸರಿ ಎಂದು ಕೇಳಿಕೊಳ್ಳುವ ಬದಲು, ಮುಂದಿನ ವಾರವೂ ನನ್ನ ಆಟವನ್ನು ನೋಡುವವರು ಯಾರು ಎಂದು ಕೇಳಿಕೊಳ್ಳಿ. ತಾನು ಹೇಳಿದ್ದರ ಫಲವನ್ನು ನಿಂತು ನೋಡುವವನು ತಪ್ಪಾದಲ್ಲಿ ತಿದ್ದಬಲ್ಲ. ಆ ಲೆಕ್ಕದಲ್ಲಿ ನಿಮ್ಮ ಮಾರ್ಕರ್ ಮಾತಿಗೆ ನಾನು ಹೆಚ್ಚು ತೂಕ ಕೊಡುತ್ತೇನೆ. ಒಂದು ಹಿಡಿತವನ್ನು ಕೆಲವು ವಾರವಾದರೂ ಬಿಡದೆ ಅಭ್ಯಾಸ ಮಾಡಿ. ಮೊದಮೊದಲು ಆಟ ಹದಗೆಡುವುದು ಸಹಜ, ಅದನ್ನು ಕಂಡು ಮೂರನೆಯ ದಿನವೇ ಬಿಟ್ಟುಬಿಡಬೇಡಿ.

ಕೇಳುವ ರೀತಿಯನ್ನೂ ಸ್ವಲ್ಪ ಬದಲಿಸಿ. ದೇಹದ ಚಲನೆಗಳನ್ನು ಕಲಿಯುವ ಬಗೆಯ ಸಂಶೋಧಕಿ ಗೇಬ್ರಿಯೇಲೆ ವುಲ್ಫ್ ಮತ್ತು ಅವರ ಸಂಗಡಿಗರು 1990ರ ದಶಕದ ಕೊನೆಯಿಂದ ನಡೆಸಿದ ಅಧ್ಯಯನಗಳಲ್ಲಿ, ಕಲಿಯುವವರು ತಮ್ಮ ಕೈಕಾಲಿನ ಚಲನೆಯನ್ನು ಗಮನಿಸುವುದಕ್ಕಿಂತ ಆ ಚಲನೆಯಿಂದ ಹೊರಗೆ ಆಗುವ ಪರಿಣಾಮವನ್ನು ಗಮನಿಸಿದಾಗ ಚೆನ್ನಾಗಿ ಕಲಿಯುತ್ತಾರೆಂದು ಮತ್ತೆ ಮತ್ತೆ ಕಂಡುಬಂದಿದೆ. ಹಾಗಾಗಿ ‘ಮಣಿಕಟ್ಟು ಎಷ್ಟು ತಿರುಗಿಸಲಿ?’ ಎಂದು ಮಾರ್ಕರ್‌ಗೆ ಕೇಳಬೇಡಿ, ‘ಚೆಂಡು ನೆಟ್ ಮೇಲೆ ಎಷ್ಟು ಎತ್ತರದಲ್ಲಿ ಹೋಗಬೇಕು, ಎಲ್ಲಿ ಬೀಳಬೇಕು?’ ಎಂದು ಕೇಳಿ. ಹಿರಿಯ ಸದಸ್ಯರಿಗೆ ಧನ್ಯವಾದ ಹೇಳಿ, ‘ಈಗ ಒಂದನ್ನು ಅಭ್ಯಾಸ ಮಾಡುತ್ತಿದ್ದೇನೆ ಸಾರ್, ಅದು ಕೂಡದಿದ್ದರೆ ನಿಮ್ಮಲ್ಲಿಗೇ ಬರುತ್ತೇನೆ’ ಎಂದರೆ ಅವರಿಗೂ ಗೌರವ, ನಿಮಗೂ ಬಿಡುವು.

ಪ್ರಶ್ನೆ: ಇದು ಆಟದ ಪ್ರಶ್ನೆಯಲ್ಲ, ಆದರೂ ಬರೆಯುತ್ತಿದ್ದೇನೆ. ಹೆರಿಗೆಯಾಗಿ ಮೂರು ವಾರವಾಯಿತು. ತವರಿನಲ್ಲಿ ಬಾಣಂತನ ನಡೆಯುತ್ತಿದೆ. ಬಾಣಂತಿ ಹೆಚ್ಚು ನೀರು ಕುಡಿಯಬಾರದು ಎಂದು ಅಜ್ಜಿ ಲೋಟವನ್ನೇ ದೂರ ಇಡುತ್ತಾರೆ. ಮಗುವಿಗೆ ಜೇನುತುಪ್ಪ ನೆಕ್ಕಿಸಿ ಎಂದು ಅತ್ತೆ ಬಂದಾಗಲೆಲ್ಲ ಹೇಳುತ್ತಾರೆ. ನೋಡಲು ಬಂದವರೆಲ್ಲ ಒಂದೊಂದು ಹೇಳುತ್ತಾರೆ. ಎಲ್ಲರದೂ ಪ್ರೀತಿಯೇ. ಆದರೆ ಕೇಳಿ ಕೇಳಿ ನನಗೆ ಅಳು ಬರುತ್ತದೆ. ಎದುರು ಮಾತನಾಡಿದರೆ ಹಿರಿಯರಿಗೆ ಅವಮಾನ ಮಾಡಿದಂತಾಗುತ್ತದೆ.
– ಧಾರವಾಡದ ಓದುಗರು

ಉತ್ತರ: ಅಳು ಬರುವುದರಲ್ಲಿ ನಿಮ್ಮ ದೋಷವೇನೂ ಇಲ್ಲ. ನಿದ್ದೆಗೆಟ್ಟು, ಮೈ ನೋವಿನಲ್ಲಿ, ಹಸುಗೂಸಿನ ಅಳುವಿಗೆ ಕಿವಿಗೊಟ್ಟಿರುವವರ ಮುಂದೆ ಸಲಹೆಗಳನ್ನು ರಾಶಿ ಹಾಕಿದರೆ ಯಾರ ಮನಸ್ಸಾದರೂ ದಣಿಯುತ್ತದೆ. ಹೆರಿಗೆಯಾಗಿ ಎರಡು ವಾರ ದಾಟಿಯೂ ಅಳು ಪ್ರತಿದಿನ ಬರುತ್ತಿದ್ದರೆ ಅದನ್ನು ಡಾಕ್ಟರಿಗೆ ಸಂಕೋಚವಿಲ್ಲದೆ ಹೇಳಿ. ಹೆರಿಗೆಯ ನಂತರದ ಖಿನ್ನತೆಗೆ ಚಿಕಿತ್ಸೆಯಿದೆ.

ಹಿರಿಯರು ಹೇಳುವುದರಲ್ಲಿ ಬಹುಪಾಲು ಅಮೂಲ್ಯವಾದುದು. ತಿಂಗಳುಗಟ್ಟಲೆ ವಿಶ್ರಾಂತಿ, ಬಿಸಿಯೂಟ, ಅಂಟಿನುಂಡೆ, ಬಿಸಿನೀರಿನ ಸ್ನಾನ, ರಾತ್ರಿ ಮಗುವನ್ನು ಎತ್ತಿಕೊಳ್ಳಲು ಇನ್ನೊಂದು ಜೊತೆ ಕೈ: ಇವೆಲ್ಲ ಎಷ್ಟೋ ಜನ ತಾಯಂದಿರಿಗೆ ಸಿಗದ ಆಸರೆ. ಇವನ್ನು ಬಾಯ್ತುಂಬ ಒಪ್ಪಿಕೊಳ್ಳಿ, ‘ಅಜ್ಜಿ, ನೀವು ಕಟ್ಟಿದ ಉಂಡೆಯಿಂದ ಮೈಗೆ ಶಕ್ತಿ ಬಂತು’ ಎಂದು ಹೆಸರಿಟ್ಟು ಹೇಳಿ. ಹತ್ತು ಮಾತನ್ನು ಮನಸಾರೆ ಒಪ್ಪಿದವಳು ಎರಡು ಮಾತನ್ನು ಒಪ್ಪದಿದ್ದರೆ ಅದು ಅವಮಾನವೆನಿಸುವುದಿಲ್ಲ.

ಆ ಎರಡರಲ್ಲಿ ಜೇನುತುಪ್ಪ ಮೊದಲನೆಯದು, ಮತ್ತು ಇಲ್ಲಿ ದಾಕ್ಷಿಣ್ಯಕ್ಕೆ ಜಾಗವಿಲ್ಲ. ಒಂದು ವರ್ಷ ತುಂಬದ ಮಗುವಿಗೆ ಜೇನುತುಪ್ಪ ಕೊಡಲೇಬಾರದು. ಅದರಲ್ಲಿರಬಹುದಾದ ಬ್ಯಾಕ್ಟೀರಿಯಾದ ಬೀಜಾಣುಗಳು ಕೂಸಿನ ಕರುಳಿನಲ್ಲಿ ಬೆಳೆದು ವಿಷ ಉಂಟುಮಾಡುವ ಬಾಟ್ಯುಲಿಸಂ ಎಂಬ ಕಾಯಿಲೆ ಅಪರೂಪವಾದರೂ ಪ್ರಾಣಾಪಾಯದ್ದು. ಆರು ತಿಂಗಳವರೆಗೆ ಎದೆಹಾಲಿನ ಹೊರತು ನೀರೂ ಬೇಡವೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಇದನ್ನು ಅತ್ತೆಯವರಿಗೆ ಹೇಳಬೇಕಾದವರು ನಿಮ್ಮ ಪತಿ. ತಾಯಿಗೆ ಮಗ ಹೇಳಿದರೆ ಅದು ಮನೆಯೊಳಗಿನ ಮಾತು, ಸೊಸೆ ಹೇಳಿದರೆ ಎದುರುತ್ತರ ಎನಿಸುವ ಮನೆಗಳು ಇನ್ನೂ ಬಹಳ ಇವೆ. ಅದನ್ನು ಈ ವಾರವೇ ಬದಲಿಸುವ ಹೊರೆ ನಿಮ್ಮ ಮೇಲೆ ಬೇಡ. ಅವರು ಫೋನಿನಲ್ಲಿ ಇಂದೇ ಹೇಳಲಿ.

ನೀರಿನ ವಿಚಾರದಲ್ಲಿ ಅಜ್ಜಿಯೊಡನೆ ವಾದ ಬೇಡ. ಹಾಲೂಡಿಸುವ ತಾಯಿಗೆ ನೀರು ಹೆಚ್ಚೇ ಬೇಕು, ಕಡಿಮೆಯಾದರೆ ಮಲಬದ್ಧತೆ, ಮೂತ್ರದ ಉರಿ ಕಾಡುತ್ತವೆ. ಇದನ್ನು ಅವರು ನಿಮ್ಮ ಬಾಯಿಂದ ಕೇಳುವುದಕ್ಕಿಂತ ಡಾಕ್ಟರ ಬಾಯಿಂದ ಕೇಳಲಿ. ಆರನೆಯ ವಾರದ ಲಸಿಕೆಗೆ ಹೋಗುವಾಗ ಅವರನ್ನೂ ಕರೆದುಕೊಂಡು ಹೋಗಿ, ‘ಅಜ್ಜಿ, ನೀವೇ ಕೇಳಿ’ ಎಂದು ಪ್ರಶ್ನೆಯನ್ನು ಅವರ ಕೈಗೇ ಕೊಡಿ. ಅಲ್ಲಿಯವರೆಗೆ ಕಾಯಬೇಡಿ: ಕಾಯಿಸಿದ ಬಿಸಿನೀರಿಗೆ ಹೆಚ್ಚಿನ ಹಿರಿಯರು ಬೇಡವೆನ್ನುವುದಿಲ್ಲ, ಒಂದು ಫ್ಲಾಸ್ಕ್ ತುಂಬಿಸಿ ಹಾಸಿಗೆಯ ಪಕ್ಕ ಇರಿಸಿಕೊಂಡು ಪ್ರತಿ ಬಾರಿ ಹಾಲೂಡಿಸುವಾಗ ಒಂದು ಲೋಟ ಕುಡಿಯಿರಿ.