ದೀಪ ತೆಗೆದ ಮೇಲೆ ಸೆನೆಕಾ ಮಾಡುತ್ತಿದ್ದ ಕೆಲಸ

ಎರಡು ಸಾವಿರ ವರ್ಷ ಹಳೆಯ ರೋಮನ್ ಚಿಂತಕರ ಮಾತು ಇವತ್ತಿನ ಬದುಕಿಗೆ ನಿಜವಾಗಲೂ ಉಪಯೋಗಕ್ಕೆ ಬರುತ್ತಾ ಅಂತ ಕೇಳಿದ್ದೀರಿ. ನನಗೆ ಬಂದಿದೆ. ಅದೂ ಕೋಪದ ವಿಷಯದಲ್ಲಿ.

ಕೋಪ ಇಳಿಸೋದು ಹೇಗೆ ಅಂತ ಬರೆದುಕೊಡು ಎಂದು ರೋಮನ್ ಚಿಂತಕ ಸೆನೆಕಾನನ್ನು ಅವನ ಅಣ್ಣ ನೊವಾಟಸ್ ಕೇಳಿದ್ದನಂತೆ. ಅದಕ್ಕೆ ಅವನು ಮೂರು ಭಾಗಗಳ ಪುಸ್ತಕವನ್ನೇ ಬರೆದ. ಕೋಪಕ್ಕೆ ದೊಡ್ಡ ಮದ್ದು ಅಂದರೆ ಸ್ವಲ್ಪ ತಡ ಮಾಡುವುದು ಅನ್ನುತ್ತಾನೆ. ಆದರೆ ನನ್ನ ಮನಸ್ಸಿನಲ್ಲಿ ಉಳಿದದ್ದು ಮೂರನೇ ಭಾಗದ ಒಂದು ಸಣ್ಣ ಸಂಗತಿ.

ರಾತ್ರಿ ದೀಪ ತೆಗೆದ ಮೇಲೆ ಅವನ ಹೆಂಡತಿ ಸುಮ್ಮನಾಗುತ್ತಿದ್ದಳು. ಗಂಡನ ಅಭ್ಯಾಸ ಅವಳಿಗೆ ಗೊತ್ತು. ಕತ್ತಲಲ್ಲಿ ಅವನು ಆ ದಿನ ಆಡಿದ್ದು, ಮಾಡಿದ್ದು ಎಲ್ಲವನ್ನೂ ಒಂದೊಂದಾಗಿ ನೆನೆಯುತ್ತಿದ್ದ. ತನ್ನಿಂದ ತಾನೇ ಏನನ್ನೂ ಮುಚ್ಚಿಡುತ್ತಿರಲಿಲ್ಲ. ಸೆಕ್ಸ್ಟಿಯಸ್ ಎಂಬ ಇನ್ನೊಬ್ಬ ರೋಮನ್ ಚಿಂತಕನಿಂದ ಕಲಿತ ಪಾಠ ಇದು. ಯಾರಿಗೋ ಬುದ್ಧಿ ಹೇಳಲು ಹೋಗಿ ಜಾಸ್ತಿ ಮಾತಾಡಿದೆ, ಆ ಮನುಷ್ಯ ತಿದ್ದಿಕೊಳ್ಳಲಿಲ್ಲ, ನೊಂದುಕೊಂಡ ಅಷ್ಟೇ. ಅವನ ಲೆಕ್ಕಕ್ಕೆ ಸಿಗುತ್ತಿದ್ದದ್ದು ಇಂಥ ಸಣ್ಣ ಸಣ್ಣ ತಪ್ಪುಗಳು. ಇನ್ನೊಮ್ಮೆ ಹೀಗೆ ಮಾಡಬೇಡ, ಈ ಸಲಕ್ಕೆ ಕ್ಷಮಿಸಿದ್ದೀನಿ ಅಂತ ತನಗೆ ತಾನೇ ಹೇಳಿಕೊಂಡು ನಿದ್ದೆ ಹೋಗುತ್ತಿದ್ದ.

ಸೆನೆಕಾ ಸಂತನೇನಲ್ಲ. ದೊಡ್ಡ ಶ್ರೀಮಂತ, ರೋಮ್ ಚಕ್ರವರ್ತಿ ನೀರೋಗೆ ಪಾಠ ಹೇಳಿದವನು. ಕ್ರಿ.ಶ. 65ರಲ್ಲಿ ಅದೇ ನೀರೋನ ಆಜ್ಞೆಯಂತೆ ಪ್ರಾಣ ಬಿಡಬೇಕಾಯಿತು. ತಪ್ಪು ಮಾಡುತ್ತಾ, ತಿದ್ದಿಕೊಳ್ಳುತ್ತಾ ಬದುಕಿದವನು ಅಂತಲೇ ನನಗೆ ಅವನ ಮಾತು ಹತ್ತಿರ.

ಹೋದ ವರ್ಷ ಅಪ್ಪ, ವಾಟ್ಸಾಪ್‌ನಲ್ಲಿ ಫೋಟೋ ಕಳಿಸೋದು ಹೇಗೆ ಅಂತ ಮೂರನೇ ಸಲ ಕೇಳಿದರು. "ಎಷ್ಟು ಸಲ ಹೇಳೋದಪ್ಪಾ!" ಅಂತ ರೇಗಿಬಿಟ್ಟೆ. ಅವರು ಕನ್ನಡಕ ತೆಗೆದು ಡಬ್ಬಿಯಲ್ಲಿಟ್ಟು ಎದ್ದು ಹೋದರು. ಆ ರಾತ್ರಿ ಮಲಗಿದಾಗ ಆ ಡಬ್ಬಿ ಮುಚ್ಚಿದ ಟಕ್ ಸದ್ದೇ ಕಿವಿಯಲ್ಲಿತ್ತು. ನಾನು ಹೇಳಿಕೊಟ್ಟದ್ದು ಏನೂ ಇಲ್ಲ, ನೋಯಿಸಿದ್ದು ಮಾತ್ರ ಅಲ್ವಾ ಅನ್ನಿಸಿತು. ಅವತ್ತಿನಿಂದ ನಾನೂ ರಾತ್ರಿ ಹೀಗೆ ದಿನವನ್ನು ತಿರುಗಿ ನೋಡುತ್ತೇನೆ. ಐದು ನಿಮಿಷ ಸಾಕು. ಒಂದೇ ಒಂದು ಘಟನೆ ಹಿಡಿದುಕೊಳ್ಳಿ, ಸುಮ್ನೆ "ನಾನು ಸರಿಯಿಲ್ಲ" ಅಂತ ಕೊರಗಬೇಡಿ.

ಮರುದಿನ ಬೆಳಿಗ್ಗೆ ಕಾಫಿ ಹಿಡಿದು ಅಪ್ಪನ ಪಕ್ಕ ಕೂತೆ. ಫೋನ್ ಅವರ ಕೈಯಲ್ಲೇ ಬಿಟ್ಟು, ಎಲ್ಲಿ ಒತ್ತಬೇಕು ಅಂತ ಮಾತ್ರ ತೋರಿಸಿದೆ. ಅವರು ಕಳಿಸಿದ ಮೊದಲ ಫೋಟೋ ನಮ್ಮ ಅಂಗಳದ ದಾಸವಾಳದ್ದು.