ಅಮೆರಿಕದಲ್ಲಿ ಪೊಡಿಯಾಟ್ರಿ ಲೈಸೆನ್ಸ್‌ಗೆ ಅರ್ಜಿ ಹಾಕುವುದು ಹೇಗೆ? ಭಾರತದ ಎಂಬಿಬಿಎಸ್ ಸಾಲುತ್ತದೆಯೇ?

ಸಾಲದು. ಪಾದದ ವೈದ್ಯರಾಗಲು ಅಲ್ಲಿ ಡಿಪಿಎಂ ಎಂಬ ಬೇರೆಯೇ ಪದವಿ ಬೇಕು: ಸಿಪಿಎಂಇ (ಅಲ್ಲಿನ ಪೊಡಿಯಾಟ್ರಿ ಶಿಕ್ಷಣ ಮಂಡಳಿ) ಮಾನ್ಯತೆಯ ಕಾಲೇಜಿನಲ್ಲಿ 4 ವರ್ಷ, ಆಮೇಲೆ 3 ವರ್ಷದ ರೆಸಿಡೆನ್ಸಿ, ಅಂದರೆ ಆಸ್ಪತ್ರೆಯ ತರಬೇತಿ. ಎಪಿಎಂಎಲ್‌ಇ ಎಂಬ ಲೈಸೆನ್ಸ್ ಪರೀಕ್ಷೆಯ ಮೊದಲೆರಡು ಭಾಗ ಕಾಲೇಜಿನಲ್ಲಿದ್ದಾಗ, ಮೂರನೆಯದು ಸಾಮಾನ್ಯವಾಗಿ ರೆಸಿಡೆನ್ಸಿ ಹೊತ್ತಿಗೆ.

ಲೈಸೆನ್ಸ್ ಕೊಡುವುದು ಆಯಾ ರಾಜ್ಯದ ಮಂಡಳಿ. ಫಾರಂ ತುಂಬುವುದು ಸುಲಭ, ತಡವಾಗುವುದು ದಾಖಲೆಗಳಿಂದ. ಅಂಕಪಟ್ಟಿ ಕಾಲೇಜಿನಿಂದ, ತರಬೇತಿ ಪತ್ರ ರೆಸಿಡೆನ್ಸಿ ನಿರ್ದೇಶಕರಿಂದ, ಪರೀಕ್ಷೆಯ ಫಲಿತಾಂಶ ರಾಜ್ಯ ಮಂಡಳಿಗಳ ಒಕ್ಕೂಟವಾದ ಎಫ್‌ಪಿಎಂಬಿಯಿಂದ ನೇರವಾಗಿ ಮಂಡಳಿಗೆ ಹೋಗಬೇಕು. ನೀವೇ ಕಳಿಸಿದ ಜೆರಾಕ್ಸ್ ಸಾಮಾನ್ಯವಾಗಿ ನಡೆಯುವುದಿಲ್ಲ. ಹಿಂದೆ ಬೇರೆ ರಾಜ್ಯದ ಲೈಸೆನ್ಸ್ ಇದ್ದಿದ್ದರೆ, ಅವಧಿ ಮುಗಿದಿದ್ದರೂ ಮುಚ್ಚಿಡಬೇಡಿ; ಅಲ್ಲಿಂದಲೂ ದೃಢೀಕರಣ ಕೇಳುತ್ತಾರೆ. ನಮ್ಮವರು ಮುಖ್ಯವಾಗಿ ಗಮನಿಸಬೇಕಾದದ್ದು ಇನಿಷಿಯಲ್: ಪಾಸ್‌ಪೋರ್ಟ್‌ನಲ್ಲಿ ಊರು, ತಂದೆಯ ಹೆಸರು ಬಿಡಿಸಿ ಬರೆದು, ಪದವಿಪತ್ರದಲ್ಲಿ ಬರೀ ಅಕ್ಷರಗಳಿದ್ದರೆ ಕಡತ ಅಲ್ಲೇ ನಿಲ್ಲಬಹುದು. ಕಾಲೇಜು ಸೇರುವಾಗಲೇ ಒಂದೇ ಹೆಸರು ಇಟ್ಟುಕೊಳ್ಳಿ.

ಹಲವು ರಾಜ್ಯಗಳಲ್ಲಿ ಬೆರಳಚ್ಚು ತಪಾಸಣೆಯೂ ಉಂಟು. ಕೆಲವು ನೋವುನಿವಾರಕಗಳಂಥ ನಿಯಂತ್ರಿತ ಔಷಧ ಬರೆಯಲು ಡಿಇಎ (ಅಮೆರಿಕದ ಕೇಂದ್ರ ಮಾದಕವಸ್ತು ನಿಯಂತ್ರಣ ಸಂಸ್ಥೆ) ನೋಂದಣಿ ಬೇರೆ. ಅದು ರಾಜ್ಯದ ಲೈಸೆನ್ಸ್ ಬಂದ ಮೇಲೆಯೇ. ಕೆಲಸ ಒಪ್ಪಿಕೊಳ್ಳುವ ಮುನ್ನ ಆ ರಾಜ್ಯದ ಕಾನೂನು ಓದಿ: ಕಣಕಾಲಿನ ಶಸ್ತ್ರಚಿಕಿತ್ಸೆಗೆ ಎಷ್ಟರ ಮಟ್ಟಿಗೆ ಅವಕಾಶ ಎನ್ನುವುದು ರಾಜ್ಯದಿಂದ ರಾಜ್ಯಕ್ಕೆ ಬದಲಾಗುತ್ತದೆ.